ಬೆತ್ತದ ಏಟಿಗೆ ಹೊಣೆ ಯಾರು?



ಗಿರಣಿಯ ಯಂತ್ರಕ್ಕೆ ಸಿಕ್ಕಿ ನಿಮ್ಮ ಬೆರಳು ಹೋದರೆ ಮಾಲೀಕ ಪರಿಹಾರ ಕೊಡಬೇಕೆಂಬ ಕಾಯಿದೆ 1923ರಲ್ಲೇ ಬಂತು. ಶಾಲೆಯಲ್ಲಿ ಮೇಷ್ಟರ ಏಟಿಗೆ ನಿಮ್ಮ ಮಗುವಿನ ಬೆರಳು ಮುರಿದರೆ? 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ತಪ್ಪಿದವರ ಮೇಲೆ ಶಿಸ್ತುಕ್ರಮವೆಂದಿದೆ. ಔಷಧದ ಖರ್ಚು ಯಾರದೆಂದು ಆ ಕಲಮು ಹೇಳಿಲ್ಲ.

ನಾನೂ ಪಾಠ ಹೇಳಿದವನೇ. ಒಂದು ಕೋಣೆಗೆ ಎಪ್ಪತ್ತು ಮಕ್ಕಳನ್ನು ತುಂಬಿ ಮೇಷ್ಟರ ಕೈಗೆ ಬೆತ್ತ ಕೊಡುವುದು ಆಡಳಿತ ಮಂಡಳಿ. ಹೊಡೆದವನನ್ನು ವರ್ಗ ಮಾಡಿ ಅದು ಕೈ ತೊಳೆದುಕೊಳ್ಳಬಾರದು. ಖರ್ಚಿನ ಹೊಣೆಯನ್ನೂ ಹೊರಬೇಕು.

ಮಗುವಿಗೆ ಪೆಟ್ಟಾದರೆ ಸರ್ಕಾರಿ ಆಸ್ಪತ್ರೆಯಿಂದ ಗಾಯದ ಸರ್ಟಿಫಿಕೇಟು ಪಡೆಯಿರಿ. ಠಾಣೆಗೂ ಕ್ಷೇತ್ರ ಶಿಕ್ಷಣಾಧಿಕಾರಿಗೂ ದೂರು ಬರೆದುಕೊಟ್ಟು ರಸೀತಿ ಕೇಳಿ. ಒಬ್ಬರೇ ಹೋಗಬೇಡಿ, ನಾಲ್ಕು ಜನ ಹೋಗಿ. “ಎರಡೇಟು ಹಾಕಿ ಸ್ವಾಮಿ” ಎಂದು ಮಗುವನ್ನು ಒಪ್ಪಿಸಿ ಬರುವ ರೂಢಿಯನ್ನು ಇಂದೇ ಬಿಡಿ.