ಚೂಡಿ ಹೋದ ನಟ್ಟು

(ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಾರು ಓಡಿಸುವ ಮಹಿಳೆಯರಿಗೆ ಉಪಯೋಗವಾಗುವಂಥದ್ದು ಏನಾದರೂ ಹೇಳಿ ಅಂದರು. ನಾನು ಮೆಕ್ಯಾನಿಕ್ ಅಲ್ಲ. ಹಾಗಾಗಿ ನನಗೆ ಪಾಠ ಕಲಿಸಿದ ಒಂದು ನಟ್ಟಿನ ಕಥೆಯನ್ನಷ್ಟೇ ಹೇಳುತ್ತೇನೆ.

ನಮ್ಮ ಮನೆ ಡೊಂಬಿವಲಿ ಪೂರ್ವದಲ್ಲಿ, ನನ್ನ ಕೆಲಸ ವಾಶಿಯಲ್ಲಿ. ಕಾಟೈ ನಾಕಾ, ಶೀಳ್‌ಫಾಟಾ, ಮಹಾಪೆ ದಾಟಿ ದಿನಾ ಹೋಗಿ ಬರುತ್ತೇನೆ. ಮಳೆಗಾಲದಲ್ಲಿ ಆ ರಸ್ತೆ ಹೇಗಿರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಒಂದು ಜುಲೈ ಸಂಜೆ ಹೊಂಡಕ್ಕೆ ಇಳಿದು ಮುಂದಿನ ಎಡ ಟೈರು ಪಂಕ್ಚರ್ ಆಯಿತು. ರಸ್ತೆ ಬದಿಯ ಅಂಗಡಿಯ ಹುಡುಗ ಸ್ಟೆಪ್ನಿ ಹಾಕಿದ. ನಟ್ಟುಗಳನ್ನು ಗಾಳಿಯ ಗನ್ನಿನಿಂದ ಗರ್ರ್ ಎಂದು ಬಿಗಿದ. ನಾಲ್ಕನೆಯದು ವಾರೆಯಾಗಿ ಕೂತದ್ದು ನನಗೆ ಕಂಡಿತ್ತು. "ಟೇಢಾ ಹೈ ಕ್ಯಾ?" ಅಂದೆ. "ಹೋ ಗಯಾ ಮೇಡಂ" ಅಂದ. ಮೇಲೆ ಮಳೆ, ಹಿಂದೆ ಹಾರ್ನು. ನಾನು ಸುಮ್ಮನಾದೆ. ಹುಡುಗನದು ಅವಸರ, ನನ್ನದು ಸಂಕೋಚ. ಕಾರಿನ ವಿಷಯದಲ್ಲಿ ಹೆಂಗಸು ಮಾತಾಡಿದರೆ ನಗುತ್ತಾರೋ ಏನೋ ಎಂಬ ಸಂಕೋಚ.

ಚೌತಿಗೆ ಊರಿಗೆ ಹೋಗುವುದೆಂದು ನಿಶ್ಚಯವಾಗಿತ್ತು. ನಮ್ಮದು ಉಡುಪಿ ಕಡೆ. ನಮ್ಮವರಿಗೆ ಮಂಡಿಯ ಆಪರೇಷನ್ ಆಗಿದ್ದರಿಂದ ಪುಣೆ, ಕೊಲ್ಹಾಪುರ, ಬೆಳಗಾವಿ ದಾರಿಯಲ್ಲಿ ಇಡೀ ಪ್ರಯಾಣ ನಾನೇ ಕಾರು ಓಡಿಸಬೇಕಿತ್ತು. ಹೊರಡಲು ಎರಡು ದಿನ ಇರುವಾಗ ಎಡಗಡೆಯಿಂದ ಟಕ್ ಟಕ್ ಎಂಬ ಸದ್ದು, ಸ್ಟಿಯರಿಂಗಿನಲ್ಲಿ ಸಣ್ಣ ನಡುಕ. ಪೆಟ್ರೋಲ್ ಪಂಪಿನಲ್ಲಿ ನಿಲ್ಲಿಸಿ ಬಗ್ಗಿ ನೋಡಿದರೆ ನಾಲ್ಕು ನಟ್ಟುಗಳಲ್ಲಿ ಒಂದು ಇಲ್ಲ. ನಟ್ಟು ಕೂರುವ ಸ್ಟಡ್ಡೇ ತುಂಡಾಗಿತ್ತು.

ಪಂಪಿನ ಪಕ್ಕದ ಅಂಗಡಿಯವರು "ತೀನ್ ಹೈ ನಾ, ಚಲೇಗಾ" ಅಂದರು. ಫೋನಿನಲ್ಲಿ ನಮ್ಮವರೂ "ಊರಿಗೆ ಹೋಗಿ ಬಂದು ಮಾಡಿಸುವ ಮಾರಾಯ್ತಿ" ಅಂದರು. ನಾನೂ ಹೂಂ ಅನ್ನುವವಳೇ. ಆದರೆ ಆ ಕಾರಿನಲ್ಲಿ ಕೂರುವವರು 78 ವರ್ಷದ ನಮ್ಮ ಅತ್ತೆ ಮತ್ತು ನನ್ನ ಮಗಳು. ಜುಲೈಯಲ್ಲಿ ಒಮ್ಮೆ ಸುಮ್ಮನಾಗಿದ್ದು ಸಾಕು ಅನಿಸಿತು. ಇನ್ಶೂರೆನ್ಸ್ ಪಾಲಿಸಿಯಲ್ಲಿ ರಸ್ತೆ ಸಹಾಯದ ಸೌಲಭ್ಯ ಇತ್ತು. ಫೋನ್ ಮಾಡಿ ಕಾರನ್ನು ಎತ್ತಿಸಿಕೊಂಡು ಕಲ್ಯಾಣದ ಪರಿಚಯದ ಗ್ಯಾರೇಜಿಗೆ ಕಳಿಸಿದೆ.

ಅಲ್ಲಿನ ಹಿರಿಯ ಮೆಕ್ಯಾನಿಕ್ ಚಕ್ರ ಬಿಚ್ಚಿ ನನ್ನನ್ನು ಹತ್ತಿರ ಕರೆದು ತೋರಿಸಿದರು. ತುಂಡಾದದ್ದು ಒಂದು. ಅದರ ಪಕ್ಕದ ಸ್ಟಡ್ಡಿನ ಸುರುಳಿಯೂ ಕಿತ್ತುಹೋಗಿತ್ತು. "ಇಸ್ಕೀ ಭೀ ಚೂಡಿ ಗಯೀ" ಅಂದರು. ಸ್ಕ್ರೂವಿನ ಸುರುಳಿಗೆ ಹಿಂದಿಯಲ್ಲಿ ಚೂಡಿ ಅನ್ನುತ್ತಾರೆ, ಅಂದರೆ ಬಳೆ. ಅಂದರೆ ನಾವು ನಂಬಿಕೊಂಡಿದ್ದ ಮೂರರಲ್ಲಿ ಗಟ್ಟಿ ಇದ್ದದ್ದು ಎರಡೇ!

ಅವರು ತಿಳಿಸಿದ್ದು ಇಷ್ಟು. ನಟ್ಟನ್ನು ಬಿಗಿದಾಗ ಸ್ಟಡ್ಡು ಕೂದಲೆಳೆಯಷ್ಟು ಹಿಗ್ಗುತ್ತದೆ. ಆ ಎಳೆತವೇ ಚಕ್ರವನ್ನು ಹಬ್ಬಿಗೆ ಒತ್ತಿ ಹಿಡಿಯುತ್ತದೆ. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ವಾರೆಯಾಗಿ ಕೂತರೆ ಬಿಗಿಯಾದಂತೆ ಕಾಣುತ್ತದೆ, ಎಣ್ಣೆ ಮಾತ್ರ ಸೋರುತ್ತದೆ. ಇಲ್ಲೂ ಹಾಗೆಯೇ. ವಾರೆ ನಟ್ಟು ಗಟ್ಟಿಯಾಗಿ ಕಾಣುತ್ತದೆ, ಆದರೆ ಚಕ್ರವನ್ನು ಒತ್ತಿ ಹಿಡಿದಿರುವುದಿಲ್ಲ. ಚಕ್ರ ಅಲುಗಾಡುತ್ತಾ ಸ್ಟಡ್ಡನ್ನು ಬಗ್ಗಿಸಿ ಬಗ್ಗಿಸಿ ಮುರಿಯುತ್ತದೆ. ಒಂದು ಮುರಿದರೆ ಅದರ ಭಾರ ಪಕ್ಕದವುಗಳ ಮೇಲೆ. ಅತಿಯಾಗಿ ಬಿಗಿದರೂ ಅಪಾಯವೇ. ಸ್ಟಡ್ಡು ಎಳೆದುಹೋಗಿ ಮತ್ತೆ ಮೊದಲಿನಂತಾಗುವುದಿಲ್ಲ.

ರಿಪೇರಿ ಅರ್ಧ ದಿನದ್ದು. ಬ್ರೇಕಿನ ಭಾಗ ಬಿಚ್ಚಿ, ಹಳೆಯ ಸ್ಟಡ್ಡನ್ನು ಹಿಂದಕ್ಕೆ ಹೊಡೆದು ತೆಗೆದು, ಹೊಸದನ್ನು ನೇರವಾಗಿ ಕೂರಿಸಿದರು. ನಟ್ಟುಗಳೂ ಹೊಸವು. ಚಕ್ರದ ತೂತುಗಳು ಉದ್ದವಾಗಿವೆಯೇ ಎಂದೂ ನೋಡಿದರು. ಹಾಗಾಗಿದ್ದರೆ ಆ ಚಕ್ರವನ್ನೇ ಬದಲಿಸಬೇಕಿತ್ತು. ಸ್ಟಡ್ಡು, ನಟ್ಟು, ಕೂಲಿ ಎಲ್ಲ ಸೇರಿ ಆದ ಖರ್ಚು ಒಂದು ಸಾಧಾರಣ ಸೀರೆಗಿಂತ ಕಡಿಮೆ.

ಈಗ ನೀವು ನೆನಪಿಡಬೇಕಾದ ಕೆಲವು ಮಾತು.

ಮೊದಲನೆಯದು, ನಟ್ಟನ್ನು ಮೊದಲು ಕೈಯಿಂದಲೇ ತಿರುಗಿಸಬೇಕು. ಮೂರು ನಾಲ್ಕು ಸುತ್ತು ಬೆರಳಲ್ಲೇ ಸಲೀಸಾಗಿ ಹೋಗಬೇಕು. ಹೋಗದಿದ್ದರೆ ನಿಲ್ಲಿಸಿ, ತೆಗೆದು ಮತ್ತೆ ಹಾಕಿಸಿ. ಅಂಗಡಿಯಲ್ಲಿ "ದಾದಾ, ಆಧೀ ಹಾತಾನೇ ಲಾವಾ" ಅನ್ನಿ. ಮೊದಲು ಕೈಯಿಂದ ಹಾಕಿ ಎಂದರ್ಥ. ನಟ್ಟಿನ ಇಳಿಜಾರಾದ ಬದಿ ಚಕ್ರದ ಕಡೆಗೆ ಇರಬೇಕು. ಬಿಗಿಯುವಾಗ ಒಂದರ ನಂತರ ಅದರ ಎದುರಿನದು. ಪಾನೆಯ ಮೇಲೆ ಹತ್ತಿ ನಿಂತು ಬಿಗಿಯಬಾರದು. ಎಷ್ಟು ಬಿಗಿ ಎಂಬುದು ಕಾರಿನ ಪುಸ್ತಕದಲ್ಲಿದೆ. ನಮ್ಮ ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 85ರಿಂದ 120 ನ್ಯೂಟನ್ ಮೀಟರ್. ಅದನ್ನು ಅಳೆಯುವ ಪಾನೆಗೆ ಟಾರ್ಕ್ ರೆಂಚ್ ಅನ್ನುತ್ತಾರೆ.

ಎರಡನೆಯದು, ಅಳತೆ. ಹೆಚ್ಚಿನ ಮಾರುತಿ ಕಾರುಗಳ ನಟ್ಟಿಗೆ 19 ಮಿ.ಮೀ. ಪಾನೆ, ಹೆಚ್ಚಿನ ಹ್ಯುಂಡೈಗಳಿಗೆ 21. ಸಡಿಲ ಪಾನೆ ಹಾಕಿ ಎಳೆದರೆ ನಟ್ಟಿನ ಮೂಲೆ ಸವೆದು ಗುಂಡಗಾಗುತ್ತದೆ. ಗುಂಡಗಾದ ನಟ್ಟಿನ ಜೊತೆ ರಸ್ತೆಯಲ್ಲಿ ಗುದ್ದಾಡಬೇಡಿ. ಅದನ್ನು ಕಚ್ಚಿ ಹಿಡಿದು ತೆಗೆಯುವ ಸಾಕೆಟ್ ಗ್ಯಾರೇಜಿನಲ್ಲಿ ಇರುತ್ತದೆ. ನಟ್ಟಿನ ಒಳಗಿನ ಸುರುಳಿಯೂ ಕಾರಿನಿಂದ ಕಾರಿಗೆ ಬೇರೆ ಇರಬಹುದು. ನೋಡಲು ಒಂದೇ ಥರ ಇದೆಯೆಂದು ಬೇರೆ ಕಾರಿನ ನಟ್ಟು ಹಾಕಿಸಬೇಡಿ.

ಮೂರನೆಯದು, ಒಂದು ಸ್ಟಡ್ಡು ಹೋದರೆ ದೂರದ ಪ್ರಯಾಣ ಬೇಡವೇ ಬೇಡ. ಬೇರೆ ದಾರಿಯೇ ಇಲ್ಲದಿದ್ದರೆ ಉಳಿದ ನಟ್ಟುಗಳು ಬಿಗಿ ಇವೆಯೇ ನೋಡಿ, ತೀರ ನಿಧಾನವಾಗಿ ಹತ್ತಿರದ ಗ್ಯಾರೇಜಿನ ತನಕ ಮಾತ್ರ. ರಾಷ್ಟ್ರೀಯ ಹೆದ್ದಾರಿಯಲ್ಲಿ ಸಹಾಯಕ್ಕೆ 1033 ಇದೆ, ತುರ್ತಿಗೆ 112. ಎರಡನ್ನೂ ಫೋನಿನಲ್ಲಿ ಬರೆದಿಟ್ಟುಕೊಳ್ಳಿ.

ನಾಲ್ಕನೆಯದು, ಚಕ್ರ ಬಿಚ್ಚಿ ಹಾಕಿದ ಮೇಲೆ 50ರಿಂದ 100 ಕಿ.ಮೀ. ಓಡಿದಾಗ ನಟ್ಟುಗಳನ್ನು ಇನ್ನೊಮ್ಮೆ ಪರೀಕ್ಷಿಸಿ. ಐದು ನಿಮಿಷದ ಕೆಲಸ.

ಹೆಂಗಸರಿಗೆ ಇದೆಲ್ಲ ಯಾಕೆ ಅನ್ನುವವರಿಗೆ ನಾನು ಬರ್ಥಾ ಬೆಂಜ್ ಅವರ ಕಥೆ ಹೇಳುತ್ತೇನೆ. 1888ರ ಆಗಸ್ಟಿನಲ್ಲಿ ಜರ್ಮನಿಯ ಈ ತಾಯಿ, ಗಂಡ ಕಾರ್ಲ್ ಬೆಂಜ್ ತಯಾರಿಸಿದ ಮೋಟಾರು ಗಾಡಿಯಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಗಂಡನಿಗೂ ಹೇಳದೆ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನ ತವರಿಗೆ ಹೊರಟರು. ನೂರು ಕಿ.ಮೀ. ಮೀರಿದ ದಾರಿ. ಪೆಟ್ರೋಲ್ ನಳಿಗೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದರು. ಬ್ರೇಕು ಸವೆದಾಗ ದಾರಿಯ ಚಮ್ಮಾರನಿಂದ ಅದಕ್ಕೆ ಚರ್ಮ ಹೊಡೆಸಿದರು. ನೋಡಿ, ಚರ್ಮ ಹೊಡೆದದ್ದು ಅವರಲ್ಲ. ಏನಾಗಿದೆ, ಏನಾಗಬೇಕು ಎಂಬುದು ಅವರಿಗೆ ಗೊತ್ತಿತ್ತು, ಅದನ್ನು ಹೇಳಿ ಮಾಡಿಸಿದರು. ನಮಗೆ ಬೇಕಾದದ್ದೂ ಅಷ್ಟೇ. ಸ್ಟಡ್ಡು ಬದಲಿಸುವ ಕೆಲಸ ಮೆಕ್ಯಾನಿಕ್‌ದು. ನಟ್ಟು ವಾರೆಯಾಗಿದೆ, ತೆಗೆದು ಹಾಕಿ ಎಂದು ಹೇಳುವ ಕೆಲಸ ನಮ್ಮದು.

ನಾವು ಚೌತಿಗೆ ಊರಿಗೆ ಹೋದೆವು, ಒಂದು ದಿನ ತಡವಾಗಿ. ಪುಣೆ ರಸ್ತೆಯ ಫುಡ್ ಮಾಲ್‌ನಲ್ಲಿ ಚಹಾಕ್ಕೆ ನಿಲ್ಲಿಸಿದಾಗ ನಾನು ಪಾನೆ ತೆಗೆದು ನಾಲ್ಕೂ ನಟ್ಟು ನೋಡಿದೆ. ಅತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಎಂತ ನೋಡ್ತಿದ್ದಿ?" ಅಂದರು.

"ಬಳೆ ಗಟ್ಟಿ ಉಂಟಾ ಅಂತ ನೋಡ್ತಿದ್ದೇನೆ ಅತ್ತೆ" ಅಂದೆ.

ನಿಮ್ಮ ಕಾರಿನ ನಟ್ಟುಗಳನ್ನು ಈ ಭಾನುವಾರ ಒಮ್ಮೆ ಬಗ್ಗಿ ನೋಡಿ.