ಗುಡುಗುದೇವರ ಬಳ್ಳಿ ಮತ್ತು ಸಂಧಿವಾತ
(ಉಪನ್ಯಾಸದ ಬರಹರೂಪ)



ಮಲೆನಾಡಿನ ಮನೆಗಳಲ್ಲಿ ಸಂದುನೋವೆಂದರೆ ಲಕ್ಕಿ ಸೊಪ್ಪು ಬಚ್ಚಲ ಹಂಡೆಗೆ ಬೀಳುತ್ತದೆ. ಇಂತಹ ಮದ್ದುಗಳ ಮಾತು ಬಂದಾಗಲೆಲ್ಲ ಏಳುವ ಪ್ರಶ್ನೆಯೊಂದಿದೆ: ತಲೆತಲಾಂತರದಿಂದ ಬಳಸುತ್ತ ಬಂದುದಕ್ಕೆ ಮತ್ತೆ ಪರೀಕ್ಷೆ ಏತಕ್ಕೆ? ಚೀನಾದ ಒಂದು ಬಳ್ಳಿಯ ವೃತ್ತಾಂತ ಇದಕ್ಕೆ ಉತ್ತರ ಹೇಳುತ್ತದೆ.

ದಕ್ಷಿಣ ಚೀನಾದ ಬೆಟ್ಟಗಳಲ್ಲಿ ಬೆಳೆಯುವ ಆ ಬಳ್ಳಿಯನ್ನು ಅಲ್ಲಿಯವರು ‘ಗುಡುಗುದೇವರ ಬಳ್ಳಿ’ ಎನ್ನುತ್ತಾರೆ. ಸಸ್ಯಶಾಸ್ತ್ರದಲ್ಲಿ ಟ್ರಿಪ್ಟೆರಿಜಿಯಂ ವಿಲ್ಫೋರ್ಡಿಯೈ. ಸಹ್ಯಾದ್ರಿಯ ಜ್ಯೋತಿಷ್ಮತಿಯೂ ಇದೇ ಕುಟುಂಬದ ಬಳ್ಳಿ. ಚೀನಾದ ರೈತರು ಇದರ ಬೇರಿನ ಪುಡಿಯನ್ನು ಕೀಟನಾಶಕವಾಗಿ ಬಳಸುತ್ತಿದ್ದರು. ಕೀಲುಗಳ ಊತಕ್ಕೆ ನಾಟಿ ವೈದ್ಯರು ಕೊಡುತ್ತಿದ್ದುದೂ ಅದೇ ಬೇರನ್ನೇ. ಆದರೆ ಹೊರಸಿಪ್ಪೆಯನ್ನು ಹೆರೆದು ತೆಗೆದು, ಒಳಗಿನ ಭಾಗವನ್ನು ಮಾತ್ರ. ಎಲೆ, ಹೂ, ಬೇರಿನ ಸಿಪ್ಪೆ ತಿಂದು ಸತ್ತವರುಂಟು. ಈ ಕುಲದ ಬಳ್ಳಿಗಳ ಹೂವಿನಿಂದಾದ ಜೇನುತುಪ್ಪ ಸೇವಿಸಿದವರಿಗೂ ವಿಷವೇರಿದ ವರದಿಗಳಿವೆ.

ಇಲ್ಲಿ ಹೇಳುತ್ತಿರುವುದು ವಯಸ್ಸಾಗಿ ಮಂಡಿ ಸವೆಯುವ ನೋವನ್ನಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ತಿರುಗಿಬೀಳುವ ರುಮಟಾಯ್ಡ್ ಸಂಧಿವಾತವನ್ನು. ಇದು ಕೆಲವು ತಿಂಗಳು ಕೆರಳಿ, ಕೆಲವು ತಿಂಗಳು ತಾನಾಗಿಯೇ ತಣಿಯುವುದುಂಟು. ಕೆರಳಿದಾಗ ಕುಡಿದ ಕಷಾಯಕ್ಕೆ, ಅದು ಏನೇ ಆಗಿರಲಿ, ತಣಿದ ಕೀರ್ತಿ ಸಲ್ಲುತ್ತದೆ. ಆದುದರಿಂದಲೇ ಹೋಲಿಸಿ ನೋಡಲು ಇನ್ನೊಂದು ಗುಂಪು ಬೇಕು.

ಅಂತಹ ಪರೀಕ್ಷೆಯೊಂದು ಅಮೆರಿಕದಲ್ಲಿ ನಡೆದು, 2009ರಲ್ಲಿ ಪ್ರಕಟವಾಯಿತು. 121 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, 24 ವಾರ ಕಾಲ ಒಂದಕ್ಕೆ ಈ ಬೇರಿನ ಸಾರವನ್ನೂ ಇನ್ನೊಂದಕ್ಕೆ ರೂಢಿಯ ಔಷಧವಾದ ಸಲ್ಫಾಸಲಜೀನನ್ನೂ ಕೊಡಲಾಯಿತು. ರೋಗ ಶೇ. 20ರಷ್ಟಾದರೂ ತಗ್ಗಿದವರು ಬಳ್ಳಿಯ ಗುಂಪಿನಲ್ಲಿ ಶೇ. 65, ಇನ್ನೊಂದರಲ್ಲಿ ಶೇ. 33. ಆದರೆ ಕೊನೆಯವರೆಗೆ ಔಷಧ ಮುಂದುವರಿಸಿದವರು ಮೊದಲ ಗುಂಪಿನಲ್ಲಿ ಶೇ. 62, ಎರಡನೆಯದರಲ್ಲಿ ಶೇ. 41 ಮಾತ್ರ. ಇಷ್ಟು ಮಂದಿ ನಡುವೆಯೇ ಬಿಟ್ಟುಹೋದ ಪರೀಕ್ಷೆಯ ಅಂಕಿಗಳನ್ನು ಎಚ್ಚರದಿಂದ ಓದಬೇಕು. 2014ರಲ್ಲಿ ಚೀನಾದ ಸಂಶೋಧಕರು 207 ರೋಗಿಗಳ ಮೇಲೆ ಮಾಡಿದ ಪರೀಕ್ಷೆಯನ್ನು ಪ್ರಕಟಿಸಿದರು. ರೋಗ ಅರ್ಧದಷ್ಟಾದರೂ ತಗ್ಗಿದವರು ಮೆಥೊಟ್ರೆಕ್ಸೇಟ್ ಪಡೆದವರಲ್ಲಿ ಶೇ. 46, ಬಳ್ಳಿಯ ಔಷಧ ಪಡೆದವರಲ್ಲಿ ಶೇ. 55, ಎರಡನ್ನೂ ಪಡೆದವರಲ್ಲಿ ಶೇ. 77. ಇಲ್ಲಿ ಯಾರಿಗೆ ಯಾವ ಮದ್ದೆಂಬುದು ರೋಗಿಗೂ ವೈದ್ಯರಿಗೂ ತಿಳಿದಿತ್ತೆಂಬುದನ್ನೂ ಸೇರಿಸಿಯೇ ಹೇಳಬೇಕು.

ಅಂತೂ ಹಿರಿಯರ ಮಾತು ಹುಸಿಯಾಗಲಿಲ್ಲ. ಬೇರಿನಲ್ಲಿ ಗುಣವಿದೆ. ಹಾಗಾದರೆ ಪರಂಪರೆಗೆ ಕಾಣದೆ ಹೋದುದು ಯಾವುದು?

ಸಿಪ್ಪೆಯ ವಿಷ ಅದಕ್ಕೆ ಕಂಡಿತ್ತು. ತಿಂದವನು ಬೇಗನೆ ವಾಂತಿ ಮಾಡುತ್ತಾನೆ, ಊರೆಲ್ಲ ನೋಡುತ್ತದೆ. ಆದರೆ ಹೆರೆದು ಶುದ್ಧಮಾಡಿದ ಬೇರೂ ಬಹುಕಾಲ ಸೇವಿಸಿದ ಗಂಡಸರಲ್ಲಿ ವೀರ್ಯಾಣುಗಳನ್ನು ಕುಗ್ಗಿಸುತ್ತದೆ, ಹೆಂಗಸರಲ್ಲಿ ಮುಟ್ಟನ್ನು ನಿಲ್ಲಿಸುತ್ತದೆ. ಈ ಗುಣದ ಬೆನ್ನುಹತ್ತಿ ಇದನ್ನು ಗಂಡಸರ ಗರ್ಭನಿರೋಧಕವಾಗಿಸಬಹುದೇ ಎಂದು ಶೋಧಿಸಿದವರೂ ಉಂಟು. ವರ್ಷಗಳ ಬಳಿಕ ಮಕ್ಕಳಾಗದಿದ್ದರೆ ಹಳ್ಳಿಯಲ್ಲಿ ಯಾರು ತಾನೇ ಮಂಡಿಯ ಮದ್ದನ್ನು ಶಂಕಿಸುತ್ತಾರೆ? ಬಹುತೇಕ ಸೊಸೆಯ ಮೇಲೆಯೇ ಅಪವಾದ. ಅನುಭವವು ಒಡನೆ ತೋರುವ ಕೇಡನ್ನು ಚೆನ್ನಾಗಿ ಹಿಡಿಯುತ್ತದೆ. ನಿಧಾನದ ಕೇಡನ್ನು ಹಿಡಿಯಲು ಲೆಕ್ಕಪುಸ್ತಕ ಬೇಕು, ರಕ್ತಪರೀಕ್ಷೆ ಬೇಕು.

ಲಕ್ಕಿಯ ಬಿಸಿನೀರಿನ ಸ್ನಾನಕ್ಕೂ ತಿಂಗಳುಗಟ್ಟಲೆ ಹೊಟ್ಟೆಗೆ ಸೇವಿಸುವ ಬೇರಿಗೂ ಒಂದೇ ಅಳತೆಗೋಲು ಸಲ್ಲದು. ಮೇಲೆ ಹಚ್ಚುವ ಮದ್ದಿಗಿಂತ ಒಳಗೆ ಕೊಡುವ ಮದ್ದಿಗೆ ಹೆಚ್ಚಿನ ದಾಖಲೆ ಬೇಕು: ಗಿಡದ ಯಾವ ಭಾಗ, ಯಾವ ತಿಂಗಳಲ್ಲಿ ಕಿತ್ತದ್ದು, ಎಷ್ಟು ತೂಕ, ಎಷ್ಟು ದಿನ, ಜೊತೆಗೆ ಬೇರಾವ ಗುಳಿಗೆ. ಕೊನೆಯದು ಬಹಳ ಮುಖ್ಯ. ಆಸ್ಪತ್ರೆಯಲ್ಲಿ ಕಷಾಯದ ಸುದ್ದಿಯನ್ನೂ ನಾಟಿ ವೈದ್ಯರ ಮುಂದೆ ಗುಳಿಗೆಯ ಸುದ್ದಿಯನ್ನೂ ಮುಚ್ಚಿಡುವ ರೋಗಿಗಳು ಎಲ್ಲ ಊರುಗಳಲ್ಲೂ ಇದ್ದಾರೆ. ಚೀನಾದಲ್ಲಿ ಎರಡನ್ನೂ ಜೊತೆಯಾಗಿ ಕೊಟ್ಟದ್ದು ವೈದ್ಯರ ಕಣ್ಣೆದುರಿನಲ್ಲಿ.