ಮೆರವಣಿಗೆಯನ್ನು ಎಲ್ಲಿ ನಿಂತು ನೋಡಬೇಕು?

(ಶಾಲೆಯ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಬರುವ ದಸರೆಯ ರಜೆಯಲ್ಲಿ ನಮ್ಮ ಮಕ್ಕಳನ್ನು ಮೈಸೂರಿಗೆ ಕರೆದೊಯ್ಯಬೇಕೆಂಬ ಸಲಹೆಯನ್ನು ಪಾಲಕರಲ್ಲಿ ಹಲವರು ಮುಂದಿಟ್ಟಿದ್ದಾರೆ. ಮನೂರಿನ ಮಕ್ಕಳು ತಾವು ಓದುವ ನುಡಿಯ ನಾಡನ್ನು ಕಣ್ಣಾರೆ ಕಾಣುವುದು ಅವಶ್ಯವೇ ಸರಿ. ಆದರೆ ಹೊರಡುವ ಮುನ್ನ ಒಂದು ಪ್ರಶ್ನೆಯನ್ನು ನಾವೆಲ್ಲರೂ ಕೂಡಿ ವಿಚಾರಿಸಬೇಕಾಗಿದೆ. ಲಕ್ಷಾಂತರ ಜನರು ನೆರೆಯುವ ಆ ಜಂಬೂಸವಾರಿಯನ್ನು ನಾವು ಎಲ್ಲಿ ನಿಂತು ನೋಡಬೇಕು?

1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ಈ ಉತ್ಸವವು ಇಂದು ನಾಡಹಬ್ಬವಾಗಿದೆ. ಹಿಂದೆ ಅಂಬಾರಿಯಲ್ಲಿ ಮಹಾರಾಜರು ಕುಳಿತಿರುತ್ತಿದ್ದರು. ಈಗ ತಾಯಿ ಚಾಮುಂಡೇಶ್ವರಿಯ ವಿಗ್ರಹವಿರುತ್ತದೆ. ಅಂಬಾರಿಯ ತೂಕ ಸುಮಾರು 750 ಕಿಲೋ. ಅದನ್ನು 2012ರಿಂದ 2019ರವರೆಗೆ ಅರ್ಜುನನೂ, 2020ರಿಂದ ಮುಂದೆ ಅಭಿಮನ್ಯುವೂ ಹೊತ್ತಿರುವುದನ್ನು ನೀವು ಕೇಳಿದ್ದೀರಿ. ಅರಮನೆಯ ಬಲರಾಮ ದ್ವಾರದಲ್ಲಿ ನಂದಿಧ್ವಜದ ಪೂಜೆಯಾದ ಮೇಲೆ ಮೆರವಣಿಗೆಯು ಕೃಷ್ಣರಾಜ ವೃತ್ತ, ಸಯ್ಯಾಜಿರಾವ್ ರಸ್ತೆ, ಆಯುರ್ವೇದ ಆಸ್ಪತ್ರೆಯ ವೃತ್ತ, ಬಂಬೂ ಬಜಾರುಗಳನ್ನು ಹಾದು ಬನ್ನಿಮಂಟಪವನ್ನು ಸೇರುತ್ತದೆ. ದಾರಿ ಸುಮಾರು 5 ಕಿಲೋಮೀಟರು. ಸ್ತಬ್ಧಚಿತ್ರಗಳೂ ಕಲಾತಂಡಗಳೂ ಮುಂದೆ ಸಾಗುತ್ತವೆ; ಅಂಬಾರಿಯು ಹಿಂದೆ ಬರುತ್ತದೆ. ಆದುದರಿಂದ ಅರಮನೆಯಿಂದ ದೂರ ನಿಂತಷ್ಟೂ ಹೆಚ್ಚು ಹೊತ್ತು ಕಾಯಬೇಕಾಗುತ್ತದೆ.

ಅರಮನೆಯ ಆವರಣದಲ್ಲಿ ಕುರ್ಚಿಗಳುಂಟು. ಆದರೆ ಅಲ್ಲಿಗೆ ಪಾಸು ಅಥವಾ ಟಿಕೆಟು ಬೇಕು. ಕೃಷ್ಣರಾಜ ವೃತ್ತವು ಚಿತ್ರಪಟಗಳಲ್ಲಿ ಕಾಣುವ ಸೊಗಸಾದ ಸ್ಥಳ. ಜನರ ನೂಕುನುಗ್ಗಲೂ ಅಲ್ಲಿಯೇ ಹೆಚ್ಚು. ಬನ್ನಿಮಂಟಪದ ಕಡೆಯ ರಸ್ತೆಯಲ್ಲಿ ಕಲಾವಿದರು ದಣಿದು ಬರುವುದು ಸಹಜ. ಆದರೆ ಉಸಿರಾಡಲು ಎಡೆ ಸಿಗುತ್ತದೆ.

ಕೆಲವು ವರ್ಷಗಳ ಹಿಂದೆ ನಾನು ಇಪ್ಪತ್ತೆರಡು ಮಕ್ಕಳನ್ನು ಕರೆದುಕೊಂಡು ಬೀದರಿನಿಂದ ರೈಲನ್ನೇರಿ, ಬೆಂಗಳೂರಿನ ಮಾರ್ಗವಾಗಿ ಮೈಸೂರಿಗೆ ಹೋಗಿದ್ದೆನು. ಇಷ್ಟು ದೂರ ಬಂದು ಎರಡನೆಯ ದರ್ಜೆಯ ಸ್ಥಳವೇಕೆ ಎಂಬ ಹಮ್ಮಿನಿಂದ ಕೃಷ್ಣರಾಜ ವೃತ್ತವನ್ನೇ ಆರಿಸಿದೆನು. ಮಧ್ಯಾಹ್ನದ ಹೊತ್ತಿಗೆ ಜನಸಾಗರವು ನಮ್ಮನ್ನು ತಳ್ಳತೊಡಗಿತು. ಸಣ್ಣ ಮಕ್ಕಳಿಗೆ ಮುಂದಿನವರ ಬೆನ್ನಲ್ಲದೆ ಬೇರೇನೂ ಕಾಣಲಿಲ್ಲ. ಎಣಿಸಿ ನೋಡಿದಾಗ ಮಕ್ಕಳು ಇಪ್ಪತ್ತೊಂದೇ! ಐದನೆಯ ತರಗತಿಯ ಹುಡುಗನೊಬ್ಬನು ಕಾಣೆಯಾಗಿದ್ದನು. ಅವನ ಜೇಬಿನಲ್ಲಿ ಒಂದು ಚೀಟಿಯನ್ನಾದರೂ ನಾನು ಇಟ್ಟಿರಲಿಲ್ಲ. ಅಂದು ಅಂಬಾರಿಯು ನನ್ನ ಮುಂದೆಯೇ ಹೋಯಿತಂತೆ, ನಾನು ನೋಡಲಿಲ್ಲ.

ಎರಡು ಗಂಟೆಗಳ ತರುವಾಯ ಹುಡುಗನು ಹೂ ಮಾರುವ ಒಬ್ಬ ಮುದುಕಿಯ ಬುಟ್ಟಿಯ ಬಳಿ ಸಿಕ್ಕಿದನು. ಅವನು ನಮ್ಮ ಸೀಮೆಯ ಮಾತಿನಲ್ಲಿ “ನಮ್ಮ ಸರ್ ಎಲ್ಲಿ ಹೋದ್ರೋ” ಎಂದು ಅಳುತ್ತಿದ್ದುದನ್ನು ಆ ತಾಯಿ ಕೇಳಿ, ಅವನನ್ನು ಕೂರಿಸಿಕೊಂಡು ಬಾಳೆಹಣ್ಣು ಕೊಟ್ಟಿದ್ದಳು. ನನ್ನನ್ನು ಕಂಡೊಡನೆ ಆಕೆ ಅಂದದ್ದು ಒಂದೇ ಮಾತು: “ಮಕ್ಕಳನ್ನು ತಂದವರು ಆನೆ ನೋಡಬಾರದು ಸ್ವಾಮಿ, ಮಕ್ಕಳನ್ನು ನೋಡಬೇಕು.” ಬಿ.ಟಿ. ತರಗತಿಯಲ್ಲಿ ನಾನು ಕಲಿಯದೆ ಬಿಟ್ಟ ಪಾಠವನ್ನು ಆಕೆ ಕಲಿಸಿದಳು. ಮನೆಗೆ ಬಂದ ಮೇಲೆ ಆ ಹುಡುಗನ ತಂದೆಯವರಿಗೆ ನಡೆದುದೆಲ್ಲವನ್ನೂ ನಾನೇ ತಿಳಿಸಿದೆನು. ಅವರು ಬಹಳ ಹೊತ್ತು ಸುಮ್ಮನಿದ್ದು, “ಮುಂದಿನ ಸಲ ನಾನೂ ಬರುತ್ತೇನೆ” ಎಂದರು.

ಆದುದರಿಂದ ಈ ಸಲ ಕೆಲವು ನಿಯಮಗಳನ್ನು ಮಾಡೋಣ. ನಮ್ಮಲ್ಲಿ ಅತಿ ಗಿಡ್ಡನಾದ ಮಗುವಿಗೆ ಕಾಣುವ ಸ್ಥಳವೇ ನಮ್ಮ ಸ್ಥಳ. ಬನ್ನಿಮಂಟಪದ ಕಡೆಯ ರಸ್ತೆಯಲ್ಲಿ, ಹಿಂದೆ ಸರಿಯಲು ದಾರಿಯಿರುವಲ್ಲಿ, ಬೆಳಗಿನಲ್ಲಿಯೇ ಹೋಗಿ ಕೂಡೋಣ. ನೀರು, ನೆರಳು, ಶೌಚಾಲಯಗಳನ್ನು ಮೊದಲೇ ನೋಡಿಟ್ಟುಕೊಳ್ಳೋಣ. ಪ್ರತಿ ಮಗುವಿನ ಜೇಬಿನಲ್ಲಿ ಹೆಸರು, ಊರು, ದೂರವಾಣಿ ಸಂಖ್ಯೆಗಳ ಚೀಟಿಯಿರಲಿ. ತಪ್ಪಿಸಿಕೊಂಡವರು ಬಂದು ನಿಲ್ಲತಕ್ಕ ಗುರುತಿನ ಜಾಗವೊಂದಿರಲಿ.

ಚೆನ್ನಾಗಿ ಕಾಣುವುದೆಂದು ಹಳೆಯ ಕಟ್ಟಡಗಳನ್ನೂ ಮರಗಳನ್ನೂ ಏರಲೇಕೂಡದು. 2012ರ ಆಗಸ್ಟಿನಲ್ಲಿ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗವು ಕುಸಿದು ನಾಲ್ವರು ಮಡಿದರು. 2016ರಲ್ಲಿ ಸಯ್ಯಾಜಿರಾವ್ ರಸ್ತೆಯ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿದ್ದಿತು. ಅವು ಹಬ್ಬದ ದಿನದಲ್ಲಿ ಬಿದ್ದುವಲ್ಲ. ಹಬ್ಬದ ದಿನ ಅವುಗಳ ಮೇಲೆ ಜನ ತುಂಬಿದ್ದರೆ ಗತಿಯೇನಾಗುತ್ತಿತ್ತೆಂದು ಯೋಚಿಸಿರಿ.

ಮಕ್ಕಳೇ, ನಿಮ್ಮಲ್ಲಿ ಎತ್ತರದವರು ಹಿಂದೆ ನಿಂತು ಚಿಕ್ಕವರನ್ನು ಮುಂದೆ ಬಿಡಿರಿ. ಮೆರವಣಿಗೆಯು ಹೋಗಿ ಸೇರುವುದು ಬನ್ನಿಯ ಮರದ ಬಳಿಗೆ. ಅದೇ ಬನ್ನಿಯ ಎಲೆಯನ್ನು ನಮ್ಮ ಊರಿನಲ್ಲಿಯೂ ಬಂಗಾರವೆಂದು ಹಿರಿಯರ ಕೈಗಿತ್ತು ನಾವು ನಮಸ್ಕರಿಸುತ್ತೇವೆ. ನಮ್ಮ ಪಾಲಿನ ಬಂಗಾರವು ಅಂಬಾರಿಯಲ್ಲಿಲ್ಲ. ಇಲ್ಲಿ ನನ್ನೆದುರಿಗೆ ಕುಳಿತಿದೆ. ಹೋದಷ್ಟೇ ಮಂದಿ ಮನೂರಿಗೆ ಮರಳಿದರೆ ನಾವು ದಸರೆಯನ್ನು ಚೆನ್ನಾಗಿ ನೋಡಿದಂತಾಯಿತು.